ಒಂದೇ ಕಾಯಿಲೆಯವರು ಒಟ್ಟಿಗೆ ಕುಳಿತಾಗ

ಮಳೆಗಾಲದಲ್ಲಿ ಸಂಘದ ಕಚೇರಿಯ ಜಗಲಿಯಲ್ಲಿ ನಾಲ್ಕು ಮಂದಿ ಸದಸ್ಯರು ಸೇರಿದರೆ ಮೊದಲು ಏಳುವ ಮಾತು ಕೊಳೆರೋಗದ್ದು. ಯಾರ ತೋಟದಲ್ಲಿ ಎಷ್ಟು ಕಾಯಿ ಉದುರಿತು, ಎರಡನೆಯ ಸಲ ಔಷಧಿ ಹೊಡೆಯಲು ಹೊಳವು ಸಿಕ್ಕಿತೇ, ಸುಣ್ಣ ಒಳ್ಳೆಯದಿತ್ತೇ, ಮರ ಹತ್ತುವವನು ಹೇಳಿದ ದಿನಕ್ಕೆ ಬಂದನೇ ಎಂಬುದೆಲ್ಲ ಮುಚ್ಚುಮರೆಯಿಲ್ಲದೆ ಹೊರಬರುತ್ತದೆ. ಕಾಫಿಯವರಾದರೆ ಬಿಳಿ ಕಾಂಡಕೊರಕ ಹೊಕ್ಕ ಗಿಡಗಳನ್ನು ಎಷ್ಟು ಕಿತ್ತು ಸುಟ್ಟೆವೆಂದು ಲೆಕ್ಕ ಒಪ್ಪಿಸುತ್ತಾರೆ. ತೋಟಕ್ಕೆ ರೋಗ ಬಂದದ್ದನ್ನು ಹೇಳಿಕೊಳ್ಳಲು ನಮ್ಮಲ್ಲಿ ಯಾರೂ ನಾಚುವುದಿಲ್ಲ. ಹೇಳಿಕೊಂಡದ್ದರಿಂದ ಪಕ್ಕದ ತೋಟದವರು ಎಚ್ಚರಗೊಳ್ಳುತ್ತಾರೆ. ತಮಗೆ ಗುಣ ಕಂಡ ಉಪಾಯವನ್ನು ಅವರೂ ಹೇಳುತ್ತಾರೆ. ಸಹಕಾರವೆಂಬುದು ಕಾನೂನಿನ ಪುಸ್ತಕಕ್ಕೆ ಬರುವ ಮೊದಲೇ ನಮ್ಮ ತೋಟಗಳಲ್ಲಿ ಇದ್ದದ್ದು ಹೀಗೆ.

ಅದೇ ಜಗಲಿಯಲ್ಲಿ ಕುಳಿತವರಲ್ಲಿ ಒಬ್ಬರಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರಬಹುದು. ಇನ್ನೊಬ್ಬರು ರಕ್ತದೊತ್ತಡದ ಮಾತ್ರೆಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಯಾರೂ ಕಾಣದ ಹಾಗೆ ನುಂಗುತ್ತಿರಬಹುದು. ಮತ್ತೊಬ್ಬರ ಮನೆಯಲ್ಲಿ ಸಂಜೆಯಾದರೆ ಕುಡಿತದ ಗಲಾಟೆ. ನಾಲ್ಕನೆಯವರ ತಾಯಿಗೆ ನೆನಪು ತಪ್ಪಿ, ರಾತ್ರಿಯೆಲ್ಲ ಬಾಗಿಲು ತೆಗೆದು ಹೊರಡುತ್ತಾರೆ. ಈ ನಾಲ್ಕರಲ್ಲಿ ಒಂದೂ ಬಾಯಿಗೆ ಬರುವುದಿಲ್ಲ. ತೋಟದ ರೋಗ ಹೇಳಿದರೆ ಸಹಾಯ, ಮೈಯ ರೋಗ ಹೇಳಿದರೆ ಸಸಾರ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮಗಳ ಮದುವೆಗೆ ಅಡ್ಡಿಯಾದೀತು, ಸಾಲ ಕೊಡುವವರು ಹಿಂಜರಿದಾರು, ಆಳುಗಳ ಮುಂದೆ ಸದರವಾದೀತು ಎಂಬ ಭಯಗಳೂ ಅದರ ಜೊತೆಗಿವೆ. ಈ ಭಯಗಳು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ.

ಈ ಸಂಚಿಕೆಯಲ್ಲಿ ಧಾರಣೆಯ ವಿಚಾರವನ್ನು ಸ್ವಲ್ಪ ಬದಿಗಿಟ್ಟು, ಒಂದೇ ಬಗೆಯ ಕಾಯಿಲೆ ಇರುವವರು ನಿಯಮಿತವಾಗಿ ಒಟ್ಟಿಗೆ ಕುಳಿತು ತಮ್ಮ ದಿನನಿತ್ಯದ ಕಷ್ಟವನ್ನು ಹೇಳಿಕೊಳ್ಳುವ ಕೂಟಗಳ ಬಗ್ಗೆ ಬರೆಯುತ್ತಿದ್ದೇವೆ. ಇದು ವೈದ್ಯರ ಬದಲಿಗೆ ಮಾಡುವ ಏರ್ಪಾಡಲ್ಲ. ಸಕ್ಕರೆ ಕಾಯಿಲೆಯವರು ಮೂರು ತಿಂಗಳಿಗೊಮ್ಮೆ ಪೇಟೆಯ ಡಾಕ್ಟರರನ್ನು ಕಂಡರೆ ಸಿಗುವುದು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಡಾಕ್ಟರು ಔಷಧಿ ಬರೆಯುತ್ತಾರೆ, ಪಥ್ಯ ಹೇಳುತ್ತಾರೆ. ಉಳಿದ ತೊಂಬತ್ತು ದಿನ ಆ ಔಷಧಿ ನುಂಗುವುದು, ಆ ಪಥ್ಯ ಹಿಡಿಯುವುದು, ನೆಂಟರ ಮನೆಯ ಹೋಳಿಗೆಯನ್ನು ಬೇಡವೆನ್ನುವುದು, ಬೇಸರ ಬಂದ ದಿನವೂ ನಡೆಯಲು ಹೋಗುವುದು, ಇದೆಲ್ಲ ರೋಗಿಯ ಪಾಲಿನ ಕೆಲಸ. ಆ ಕೆಲಸದಲ್ಲಿ ಜೊತೆ ಸಿಗುವುದೇ ಈ ಕೂಟಗಳ ಪ್ರಯೋಜನ.

ಇದರ ಹಿಂದಿನ ಕತೆ ಕ್ಷಯರೋಗದಿಂದ ಆರಂಭವಾಗುತ್ತದೆ. 1905ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರಿದ್ದರು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಯ ಆಹಾರ ಇಷ್ಟೇ ಚಿಕಿತ್ಸೆ. ಹಣವಂತರು ಬೆಟ್ಟದ ಮೇಲಿನ ಆರೋಗ್ಯಧಾಮಗಳಿಗೆ ಹೋಗುತ್ತಿದ್ದರು. ಬಡವರು ಪೇಟೆಯ ಕತ್ತಲೆ ಕೋಣೆಗಳಲ್ಲಿ ಕೆಮ್ಮುತ್ತಿದ್ದರು. ಅಂಥ ಬಡವರಲ್ಲಿ ಒಂದು ಸಣ್ಣ ಗುಂಪನ್ನು ಪ್ರಾಟ್ ಆರಿಸಿಕೊಂಡು, ವಾರಕ್ಕೊಮ್ಮೆ ಒಂದೆಡೆ ಸೇರಿಸಿದರು. ಅದನ್ನು ಅವರು ‘ತರಗತಿ’ ಎಂದೇ ಕರೆದರು. ಪ್ರತಿಯೊಬ್ಬರೂ ಒಂದು ಪುಸ್ತಕದಲ್ಲಿ ದಿನದ ಜ್ವರ, ಊಟ, ವಿಶ್ರಾಂತಿಯ ಗಂಟೆಗಳನ್ನು ಬರೆದು ತರಬೇಕು. ತೂಕ ಹೆಚ್ಚಿದವರ ಸಂಗತಿ ಎಲ್ಲರಿಗೂ ತಿಳಿಯಬೇಕು. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ಹೇಳಿದರೆ ಸಮಯ ಉಳಿಯುತ್ತದೆ ಎಂಬ ಲೆಕ್ಕಾಚಾರ ಮೊದಲಿಗೆ ಅವರದು. ಬರಬರುತ್ತ ಅವರ ಗಮನಕ್ಕೆ ಬಂದದ್ದು ಬೇರೆ. ಬೇರೆ ಬೇರೆ ಜನಾಂಗ, ಬೇರೆ ಬೇರೆ ಮತದ ಆ ಜನ ಒಂದೇ ಕಾಯಿಲೆಯ ಕಾರಣಕ್ಕೆ ಒಬ್ಬರಿಗೊಬ್ಬರು ಆಪ್ತರಾಗಿ, ಒಬ್ಬರ ತೂಕ ಹೆಚ್ಚಿದ್ದನ್ನು ಕಂಡು ಇನ್ನೊಬ್ಬರು ಹುರುಪಿನಿಂದ ಮನೆಗೆ ಹೋಗುತ್ತಿದ್ದರು. ಡಾಕ್ಟರರ ಭಾಷಣಕ್ಕಿಂತ ಪಕ್ಕದ ಕುರ್ಚಿಯವನ ಪುಸ್ತಕ ಹೆಚ್ಚು ಕೆಲಸ ಮಾಡುತ್ತಿತ್ತು.

ಮೂವತ್ತು ವರ್ಷದ ನಂತರ, 1935ರಲ್ಲಿ, ಅದೇ ದೇಶದ ಏಕ್ರನ್ ಎಂಬ ಊರಿನಲ್ಲಿ ನಡೆದ ಭೇಟಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನ್ಯೂಯಾರ್ಕಿನ ಷೇರು ವ್ಯಾಪಾರಿ ಬಿಲ್ ವಿಲ್ಸನ್ ಎಂಬವರು ವಿಪರೀತ ಕುಡಿದು ಬಾಳು ಕೆಡಿಸಿಕೊಂಡು, ಕೆಲವು ತಿಂಗಳಿಂದ ಹೇಗೋ ಬಿಟ್ಟಿದ್ದರು. ಆ ತಿಂಗಳುಗಳಲ್ಲಿ ಅವರು ಅನೇಕ ಕುಡುಕರ ಹಿಂದೆ ಬಿದ್ದು ಬುದ್ಧಿ ಹೇಳಿದ್ದರು. ಒಬ್ಬನೂ ಬಿಡಲಿಲ್ಲ. ಆದರೆ ಹೇಳುತ್ತಿದ್ದ ಇವರು ಮಾತ್ರ ಕುಡಿಯದೆ ಉಳಿದಿದ್ದರು. ಇದನ್ನು ಅವರಿಗೆ ತೋರಿಸಿಕೊಟ್ಟವರು ಅವರ ಹೆಂಡತಿ ಲೋಯಿಸ್. ಏಕ್ರನ್ನಿಗೆ ಬಂದ ವ್ಯವಹಾರ ಕೆಟ್ಟುಹೋಗಿ, ಹೋಟೆಲಿನ ಹಜಾರದಲ್ಲಿ ಒಬ್ಬರೇ ನಿಂತಿದ್ದಾಗ ಬಾರಿನ ಕಡೆಯ ನಗು, ಮಾತು ಕೇಳಿಸಿತು. ಆಗ ಅವರು ಊರಿನ ಚರ್ಚುಗಳಿಗೆ ಫೋನ್ ಮಾಡಿ, ತಾನು ಮಾತಾಡಿಸಬಹುದಾದ ಇನ್ನೊಬ್ಬ ಕುಡುಕ ಇಲ್ಲಿ ಇದ್ದಾನೆಯೇ ಎಂದು ವಿಚಾರಿಸಿದರು. ಹಾಗೆ ಸಿಕ್ಕವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಹದಿನೈದು ನಿಮಿಷ ಮಾತ್ರ ಇರುತ್ತೇನೆಂದು ಬಂದ ಡಾಕ್ಟರು ರಾತ್ರಿ ಬಹಳ ಹೊತ್ತಿನವರೆಗೆ ಕುಳಿತರು. ಅದುವರೆಗೆ ಅವರಿಗೆ ಬುದ್ಧಿ ಹೇಳಿದವರೆಲ್ಲ ಕುಡಿಯದವರು. ಈ ಮನುಷ್ಯ ಬುದ್ಧಿ ಹೇಳಲಿಲ್ಲ, ತನ್ನ ಕತೆ ಹೇಳಿದ. ಡಾಕ್ಟರು ಕೊನೆಯ ಸಲ ಕುಡಿದದ್ದು ಆ ವರ್ಷದ ಜೂನ್ 10ರಂದು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆಯ ಹುಟ್ಟಿದ ದಿನವೆಂದು ಲೆಕ್ಕ ಹಿಡಿಯುತ್ತಾರೆ. ಇಂಡಿಯಾದಲ್ಲಿ ಅದರ ಕೂಟಗಳು 1957ರಿಂದ ಇವೆ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಬೇರೆ ಸಂಸ್ಥೆಯನ್ನು ಲೋಯಿಸ್ ವಿಲ್ಸನ್ ಮತ್ತು ಸಂಗಡಿಗರು 1951ರಲ್ಲಿ ಕಟ್ಟಿದರು.

ಈ ಸಂಸ್ಥೆಯ ವ್ಯವಸ್ಥೆಯನ್ನು ಸಹಕಾರಿ ಸಂಘ ನಡೆಸುವವರ ಕಣ್ಣಿನಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಷೇರು ಹಣವಿಲ್ಲ, ಪ್ರವೇಶ ಶುಲ್ಕವಿಲ್ಲ, ಹೊರಗಿನವರ ದಾನ ಸ್ವೀಕರಿಸುವುದಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವದ ಅರ್ಹತೆ. ಪೂರ್ತಿ ಹೆಸರು ಹೇಳಬೇಕಾಗಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ. ಜನ್ಮವಿಡೀ ಕುಡಿಯುವುದಿಲ್ಲವೆಂದು ಆಣೆ ಮಾಡಿಸುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ. ನಮ್ಮ ಮಹಾಸಭೆಗಳಲ್ಲಿ ಈ ಎರಡನೆಯ ನಿಯಮ, ಅಂದರೆ ನಡುವೆ ಬಾಯಿ ಹಾಕದಿರುವುದು, ಜಾರಿಗೆ ಬಂದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸದೆ ಇರದು.

ಇದರಿಂದ ಗುಣವೆಷ್ಟು ಎಂದು ಕೇಳುವುದು ನ್ಯಾಯ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಈ ಕೂಟಗಳಿಗೆ ಸೇರುವಂತೆ ಕ್ರಮವಾಗಿ ಸಿದ್ಧಪಡಿಸಿದವರಲ್ಲಿ ಒಂದು ವರ್ಷದ ಕೊನೆಗೆ ಪೂರ್ತಿ ಬಿಟ್ಟವರು ನೂರಕ್ಕೆ 42; ಬೇರೆ ಬಗೆಯ ಮಾತಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 35. ಹೆಚ್ಚಳ ಇದೆ, ಆದರೆ ನೂರರಲ್ಲಿ 58 ಮಂದಿ ಮತ್ತೆ ಎಡವಿದ್ದಾರೆ ಎಂಬುದನ್ನೂ ನೋಡಬೇಕು. ಎಡವಿದವನು ಮುಂದಿನ ವಾರ ಮತ್ತೆ ಬಂದು ಕುಳಿತುಕೊಳ್ಳಲು ಜಾಗವಿರುವುದು ಮುಖ್ಯ. ನಮ್ಮ ಮನೆಗಳಲ್ಲಿ ಎರಡನೆಯ ಸಲ ಎಡವಿದವನಿಗೆ ಆ ಜಾಗ ಇರುವುದಿಲ್ಲ.

ನಮ್ಮ ಕಡೆಯವರಿಗೆ ಇದು ಹೊಸ ವಿಷಯವಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನು ಮಲೆನಾಡಿನ ಅನೇಕ ಊರುಗಳು ಕಂಡಿವೆ. ಎಂಟು ದಿನ ಒಂದೇ ಕಡೆ ಇಟ್ಟುಕೊಂಡು ನಡೆಸುವ ಶಿಬಿರ ಎಲ್ಲರ ಕಣ್ಣಿಗೆ ಬೀಳುತ್ತದೆ. ಶಿಬಿರ ಮುಗಿಸಿ ಬಂದವರು ಊರಿನಲ್ಲಿ ಸೇರುವ ‘ನವಜೀವನ ಸಮಿತಿ’ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಎಂಟು ದಿನದ ಶಿಬಿರಕ್ಕಿಂತ ಆ ಮೇಲಿನ ಸಮಿತಿಯ ಬೈಠಕ್ಕಿಗೆ ಹೆಚ್ಚು ಬೆಲೆ. ಶಿಬಿರದಲ್ಲಿ ಸಾರಾಯಿ ಸಿಗುವುದಿಲ್ಲ. ಊರಿಗೆ ಬಂದ ಮೇಲೆ ಸಂಬಳದ ದಿನ, ಹಬ್ಬದ ದಿನ, ಜಡಿಮಳೆಯ ಸಂಜೆ ಎದುರಾಗುತ್ತವೆ. ಆ ಸಂಜೆಗೆ ಉತ್ತರ ಬೇಕಾದವನಿಗೆ, ಅದೇ ಸಂಜೆಯನ್ನು ದಾಟಿ ಬಂದವನ ಮಾತು ಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಿಯೇ ಮುಂದೆ ಹೋಗಬೇಕು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಯಾರದೋ ಮಾತು ಕೇಳಿ ಒಮ್ಮೆಗೇ ನಿಲ್ಲಿಸಿದರೆ, ಎರಡು ಮೂರು ದಿನದಲ್ಲಿ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವುಂಟು. ಅಂಥವರು ಬಿಡುವುದು ವೈದ್ಯರ ಉಸ್ತುವಾರಿಯಲ್ಲೇ ಆಗಬೇಕು. ಕೂಟದ ಕೆಲಸ ಅದರ ನಂತರದ್ದು.

ಹೊಗೆಸೊಪ್ಪು ಬಿಡುವವರಿಗೂ ಇಂಥ ಜೊತೆ ಬೇಕು. ಕವಳದಲ್ಲಿ ಹೊಗೆಸೊಪ್ಪು ಸೇರಿದರೆ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದರಲ್ಲಿ ವಾದವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಬೆಳೆಗಾರರ ಸಂಘಗಳು ಅದನ್ನು ಒಪ್ಪಿಲ್ಲ. ಆ ಚರ್ಚೆ ಇನ್ನೊಂದು ಲೇಖನದ್ದು. ಆದರೆ ಅಡಿಕೆ ಸಂಘದ ಪತ್ರಿಕೆಯೆಂಬ ಕಾರಣಕ್ಕೆ ಈ ಮಾತನ್ನು ಅಡಗಿಸಿಡುವುದು ಸರಿಯಲ್ಲವೆಂದು ಬರೆದಿದ್ದೇವೆ. ಬಾಯಿಯಲ್ಲಿ ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಮೂರು ವಾರವಾದರೂ ಮಾಯದ ಹುಣ್ಣು ಇವುಗಳಲ್ಲಿ ಯಾವುದಿದ್ದರೂ ತೋರಿಸಿಕೊಳ್ಳಬೇಕು.

ಮನಸ್ಸಿನ ಬೇನೆಗೆ ಬರೋಣ. ಆಫ್ರಿಕದ ಜಿಂಬಾಬ್ವೆ ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡ ಅವರ ಬಳಿ ಚಿಕಿತ್ಸೆಗೆ ಬರುತ್ತಿದ್ದ ಯುವತಿಯೊಬ್ಬಳು ಬಸ್ ಚಾರ್ಜಿಗೆ ಹಣವಿಲ್ಲದೆ ಆಸ್ಪತ್ರೆಗೆ ಬರಲಾರದೆ ಪ್ರಾಣ ಕಳೆದುಕೊಂಡಳು. ಆ ಸಂಕಟದಿಂದ ಅವರು 2006ರಲ್ಲಿ ಹರಾರೆ ನಗರದ ಬಡವರ ಬಡಾವಣೆಯೊಂದರಲ್ಲಿ ಹೊಸ ಪ್ರಯೋಗ ಹೂಡಿದರು. ಹಣವಿಲ್ಲ, ಆರೋಗ್ಯ ಕೇಂದ್ರದಲ್ಲಿ ಕೋಣೆಯೂ ಇಲ್ಲ. ಇದ್ದವರು ಹದಿನಾಲ್ಕು ಮಂದಿ ಅಜ್ಜಿಯರು, ಆರೋಗ್ಯ ಕೇಂದ್ರದ ಸ್ವಯಂಸೇವಕಿಯರು. ಹೊರಗೆ ಒಂದು ಮರದ ಬೆಂಚು ಹಾಕಿಸಿ, ಆ ಅಜ್ಜಿಯರಿಗೆ ತರಬೇತಿ ಕೊಟ್ಟು ಕೂರಿಸಿದರು. ‘ಸ್ನೇಹದ ಬೆಂಚು’ ಎಂದು ಅದಕ್ಕೆ ಹೆಸರು. ಅಲ್ಲಿಯ ಶೋನ ಭಾಷೆಯಲ್ಲಿ ಖಿನ್ನತೆಗೆ ಜನ ಬಳಸುವ ಮಾತಿನ ಅರ್ಥ ‘ಅತಿಯಾಗಿ ಯೋಚಿಸುವುದು’ ಎಂದು. ಚಿಂತೆ ಹಚ್ಚಿಕೊಂಡಿದ್ದಾನೆ ಎಂದು ನಾವು ಹೇಳುವುದಿಲ್ಲವೇ, ಹಾಗೆಯೇ. ಅಜ್ಜಿಯರು ರೋಗದ ಹೆಸರು ಹೇಳಲಿಲ್ಲ. ಏನೇನು ಕಷ್ಟ ಎಂದು ಕೇಳಿ, ಅದರಲ್ಲಿ ಒಂದನ್ನು ಆರಿಸಿ, ಅದಕ್ಕೆ ಈ ವಾರ ಏನು ಮಾಡಬಹುದೆಂದು ಜೊತೆಯಲ್ಲಿ ಯೋಚಿಸಿದರು. 573 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಖಿನ್ನತೆಯ ಲಕ್ಷಣಗಳು ಉಳಿದಿದ್ದದ್ದು ಬೆಂಚಿಗೆ ಬಂದವರಲ್ಲಿ ನೂರಕ್ಕೆ 14ರಷ್ಟು ಮಂದಿಗೆ. ಮಾಮೂಲಿ ಉಪಚಾರ ಪಡೆದವರಲ್ಲಿ ನೂರಕ್ಕೆ 50 ಮಂದಿಗೆ.

ಬೆಂಚಿನ ಸರದಿ ಮುಗಿದ ಹೆಂಗಸರು ಅಷ್ಟಕ್ಕೇ ಚದುರುವುದಿಲ್ಲ. ಒಂದು ಕೂಟವಾಗಿ ಸೇರಿ, ಹಳೆಯ ಪ್ಲಾಸ್ಟಿಕ್ಕಿನಿಂದ ಕ್ರೋಶೆ ಚೀಲ ಹೆಣೆಯುತ್ತ ಮಾತಾಡುತ್ತಾರೆ. ಇದನ್ನು ಓದಿದಾಗ ನಮಗೆ ನೆನಪಾದದ್ದು ಅಡಿಕೆ ಸುಲಿಯುವ ರಾತ್ರಿಗಳು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು, ನಡುರಾತ್ರಿಯವರೆಗೆ ಸುಲಿಯುತ್ತಿದ್ದ ಕಾಲದಲ್ಲಿ ಎಷ್ಟು ಮನೆಗಳ ಸಂಕಟ ಆ ಚಪ್ಪರದಡಿ ಹೊರಬರುತ್ತಿತ್ತು! ಕೈಗೆ ಕೆಲಸ, ಕಣ್ಣು ಅಡಿಕೆಯ ಮೇಲೆ. ಎದುರಿನವರ ಮುಖ ನೋಡಬೇಕಾಗಿಲ್ಲದಿದ್ದರಿಂದ ಹೇಳಲಾಗದ ಮಾತು ಹೇಳುವುದು ಸಲೀಸಾಗಿತ್ತು. ಸುಲಿಯುವ ಯಂತ್ರ ಬಂದದ್ದು ಒಳ್ಳೆಯದೇ ಆಯಿತು. ಆಳಿನ ತಾಪತ್ರಯದಲ್ಲಿ ಅದಿಲ್ಲದೆ ನಡೆಯದು. ಆದರೆ ಆ ಚಪ್ಪರ ಹೋಯಿತು, ಅದರ ಬದಲಿಗೆ ಏನೂ ಬರಲಿಲ್ಲ. ಈಗ ಮಕ್ಕಳು ಬೆಂಗಳೂರಿನಲ್ಲಿ, ದೊಡ್ಡ ಮನೆಯಲ್ಲಿ ಇಬ್ಬರೇ ವಯಸ್ಸಾದವರು, ಹತ್ತಿರದ ಮನೆ ಅರ್ಧ ಮೈಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಚಿನ ಮೇಲಿನ ಮಳೆಯ ಸದ್ದೇ ಮಾತು.

ದೂರವೇ ಅಡ್ಡಿಯಾದವರಿಗೆ ಇನ್ನೊಂದು ಉದಾಹರಣೆ ಇದೆ. ಅಮೆರಿಕದ ಮಾಜಿ ಸೈನಿಕರಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬಾರದ 244 ಮಂದಿಯನ್ನು ಆರಿಸಿ, ಅರ್ಧ ಜನರನ್ನು ಇಬ್ಬಿಬ್ಬರ ಜೋಡಿ ಮಾಡಿದರು. ಪ್ರತಿ ಜೋಡಿಯವರು ವಾರಕ್ಕೊಮ್ಮೆ ಒಬ್ಬರಿಗೊಬ್ಬರು ಫೋನ್ ಮಾಡಿ ಹೇಗಿದ್ದೀರಿ, ಏನು ಮಾಡಿದಿರಿ ಎಂದು ವಿಚಾರಿಸಬೇಕು. ಉಳಿದ ಅರ್ಧ ಜನರನ್ನು ನರ್ಸುಗಳು ನೋಡಿಕೊಂಡರು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯ ಅಂಕ ಆರು ತಿಂಗಳಲ್ಲಿ ಜೋಡಿಯವರಲ್ಲಿ 8.02ರಿಂದ 7.73ಕ್ಕೆ ಇಳಿಯಿತು; ಉಳಿದವರಲ್ಲಿ 7.93ರಿಂದ 8.22ಕ್ಕೆ ಏರಿತು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಜೋಡಿಯ ಇಬ್ಬರಲ್ಲಿ ಯಾರೂ ಪಂಡಿತರಲ್ಲ, ಇಬ್ಬರೂ ರೋಗಿಗಳೇ. ಇನ್ನೊಬ್ಬರ ಯೋಗಕ್ಷೇಮದ ಹೊಣೆ ಹೊತ್ತಾಗ ಮನುಷ್ಯ ತನ್ನ ಮಾತ್ರೆಯನ್ನು ಮರೆಯುವುದಿಲ್ಲ ಎಂದು ಕಾಣುತ್ತದೆ.

ನಮ್ಮಲ್ಲಿ ಮೊದಲು ಕೂಡಬೇಕಾದವರು ಸಕ್ಕರೆ ಕಾಯಿಲೆಯವರೇ ಎಂದು ನಮಗೆ ತೋರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2023ರ ವರದಿಯಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ತೋಟದವರು ಓಡಾಡುವವರು, ನಮಗೆ ಬರದು ಎಂಬುದು ಹಳೆಯ ನಂಬಿಕೆ. ಈಗ ಗೇಟಿನವರೆಗೂ ಜೀಪು.

ಪೇಟೆಯ ಡಾಕ್ಟರು ಹೇಳಲಾರದ, ತೋಟದ ರೋಗಿಗೆ ಮಾತ್ರ ಗೊತ್ತಿರುವ ಸಂಗತಿಗಳು ಎಷ್ಟೋ ಇವೆ. ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶ ಕಡಿಮೆಯಾಗುತ್ತದೆ. ಇಂಬಳ ಕಚ್ಚಿದ್ದು, ಮುಳ್ಳು ಹೊಕ್ಕಿದ್ದು ತಿಳಿಯುವುದೇ ಇಲ್ಲ. ಒದ್ದೆಯಾದ ಗಂಬೂಟಿನೊಳಗೆ ದಿನವಿಡೀ ಕಾಲು ನೆನೆದು ಬೆರಳಸಂದಿಯಲ್ಲಿ ಹುಣ್ಣಾಗುತ್ತದೆ. ಸಂಜೆ ಚಳಿಯೆಂದು ಬಚ್ಚಲೊಲೆಯ ಮುಂದೆ ಕಾಲು ಚಾಚಿದರೆ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಆದ್ದರಿಂದ ರಾತ್ರಿ ದೀಪದ ಬೆಳಕಿನಲ್ಲಿ ಪಾದದ ಅಡಿಯನ್ನು ನೋಡಿಕೊಳ್ಳುವುದು, ಕಣ್ಣು ಸಾಲದಿದ್ದರೆ ಮನೆಯವರಿಂದ ನೋಡಿಸುವುದು, ಬೆರಳಸಂದಿಯನ್ನು ಒಣಗಿಸುವುದು, ಗಂಬೂಟು ಹಾಕುವ ಮೊದಲು ಬೋರಲು ಮಾಡಿ ಕೊಡವುವುದು. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ತಡವಾಗಿ ತೋಟದ ಕೊನೆಯಲ್ಲಿದ್ದಾಗ ಬೆವರು, ನಡುಕ, ತಲೆತಿರುಗು ಬಂದರೆ ಸಕ್ಕರೆ ಇಳಿದಿದೆ ಎಂದರ್ಥ. ಕೂಡಲೇ ಮೂರು ಚಮಚೆಯಷ್ಟು ಸಕ್ಕರೆ ಬಾಯಿಗೆ ಹಾಕಬೇಕು. ಅದಕ್ಕಾಗಿ ಒಂದು ಪೊಟ್ಟಣ ಜೇಬಿನಲ್ಲಿರಬೇಕು, ಜೊತೆಯ ರೈಟರಿಗೋ ಆಳಿಗೋ ವಿಷಯ ತಿಳಿದಿರಬೇಕು. ತಿಳಿದಿರಬೇಕಾದರೆ ಹೇಳಿರಬೇಕು. ಗುಟ್ಟು ಮಾಡಿದವರು ತೋಟದ ನಡುವೆ ಬಿದ್ದರೆ ಕುಡಿದು ಬಿದ್ದಿದ್ದಾರೆಂದು ಜನ ದಾಟಿ ಹೋಗುತ್ತಾರೆ. ಇನ್ನು ಕಾರ್ಯದ ಮನೆಯ ಊಟ. ‘ಒಂದೇ ಒಂದು’ ಎಂದು ಎಲೆಗೆ ಹಾಕುವ ಉಪಚಾರವನ್ನು ಮುನಿಸಿಲ್ಲದೆ ತಪ್ಪಿಸಿಕೊಳ್ಳುವ ಉಪಾಯವನ್ನು ಯಾವ ವೈದ್ಯಕೀಯ ಕಾಲೇಜಿನಲ್ಲೂ ಕಲಿಸುವುದಿಲ್ಲ; ಆದರೆ ಇಪ್ಪತ್ತು ವರ್ಷ ಅದನ್ನು ಮಾಡಿದವರು ನಮ್ಮ ನಡುವೆಯೇ ಇದ್ದಾರೆ.

ಕೂಟಗಳು ಕೆಡುವ ದಾರಿಗಳೂ ಇವೆ. ಎಲ್ಲಕ್ಕಿಂತ ಮುಂಚೆ ಬರುವುದು ಮನೆಮದ್ದಿನ ಸರದಾರರು. ನಮ್ಮ ಅತ್ತೆಗೆ ಇಂಥ ಬೇರಿನ ಕಷಾಯದಿಂದ ಸಕ್ಕರೆಯೇ ಹೋಯಿತು ಎಂದು ಒಬ್ಬರು ಹೇಳಿದರೆ, ಮುಂದಿನ ತಿಂಗಳು ಮೂವರು ಇನ್ಸುಲಿನ್ ಬಿಟ್ಟಿರುತ್ತಾರೆ. ಅದರ ಫಲ ಪ್ರಾಣಾಂತಿಕ. ತನಗೆ ಏನಾಯಿತು, ತಾನು ಹೇಗೆ ನಿಭಾಯಿಸಿದೆ ಎಂದು ಹೇಳಬಹುದು. ನೀವು ಹೀಗೆ ಮಾಡಿ, ಆ ಮಾತ್ರೆ ಬಿಡಿ ಎಂದು ಹೇಳಕೂಡದು. ಈ ಗೆರೆಯನ್ನು ಮೊದಲ ದಿನವೇ ಎಳೆಯದ ಕೂಟ ಬೇಗ ಹಾಳಾಗುತ್ತದೆ. ಇಡೀ ಹೊತ್ತನ್ನು ಒಬ್ಬರೇ ನುಂಗುವುದು, ನಿಮ್ಮದೇನು ಮಹಾ ನನ್ನದು ಕೇಳಿ ಎಂದು ಕಷ್ಟದಲ್ಲಿ ಪೈಪೋಟಿ ನಡೆಸುವುದು ಇವೂ ಇದ್ದದ್ದೇ.

ಮಿತಿಮೀರಿದ ಭರವಸೆಯೂ ಕೆಟ್ಟದ್ದೇ. 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗಲ್ ಎಂಬ ವೈದ್ಯರು ಹರಡಿಹೋದ ಸ್ತನ ಕ್ಯಾನ್ಸರಿನ 86 ಮಹಿಳೆಯರನ್ನು ಕುರಿತು ವರದಿ ಪ್ರಕಟಿಸಿದರು. ವಾರಕ್ಕೊಮ್ಮೆ ಕೂಟದಲ್ಲಿ ಸೇರಿದವರು ಸೇರದವರಿಗಿಂತ ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದ್ದರು. ಲೋಕವೆಲ್ಲ ಬೆರಗಾಯಿತು. ಆಮೇಲೆ ಕೆನಡದಲ್ಲಿ 235 ಮಹಿಳೆಯರ ಮೇಲೆ ಅದೇ ಕ್ರಮವನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದಾಗ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಆದರೆ ಹೆಚ್ಚು ಸಂಕಟದಲ್ಲಿದ್ದವರ ಮನಸ್ಸಿನ ತಾಪವೂ ನೋವೂ ಕಡಿಮೆಯಾದದ್ದು ಕಂಡಿತು. ಕೂಟದಿಂದ ಗೆಡ್ಡೆ ಕರಗುತ್ತದೆಂದು ಯಾರಿಗೂ ಹೇಳಬಾರದು. ನೋವು ಹೊರುವುದು ಸ್ವಲ್ಪ ಹಗುರಾಗುತ್ತದೆ ಎಂದು ಹೇಳಬಹುದು. ಅಷ್ಟು ಕಡಿಮೆಯೇ?

ನಮ್ಮ ತೋಟಗಳಿಗೆ ವಿಶೇಷವಾದ ತೊಡಕೊಂದಿದೆ. ಧಣಿ ಮತ್ತು ಆಳು ಒಂದೇ ಕೂಟದಲ್ಲಿ ಕುಳಿತು ಬಾಯಿ ಬಿಡಬಲ್ಲರೇ? ಕುಡಿತಕ್ಕೆ ಲೈನ್ ಮನೆ, ದೊಡ್ಡ ಮನೆ ಎಂಬ ಭೇದವಿಲ್ಲದಿದ್ದರೂ, ಹೇಳಿಕೊಳ್ಳುವವನಿಗೆ ನಾಳೆಯ ಕೆಲಸದ ಚಿಂತೆ ಇದೆ. ಆದರ್ಶದ ಮಾತು ಆಡಿ ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದರೆ ಧಣಿ ಮಾತಾಡುತ್ತಾನೆ, ಆಳು ತಲೆ ಆಡಿಸುತ್ತಾನೆ. ಕಾರ್ಮಿಕರ ಕೂಟ ಅವರದೇ ಆಗಿರುವುದು, ಅವರಲ್ಲೊಬ್ಬರೇ ನಡೆಸುವುದು ಲೇಸು.

ಹೆಂಗಸರ ಕೂಟಗಳಿಗೆ ಈ ತೊಂದರೆ ಕಡಿಮೆ. ಸ್ವಸಹಾಯ ಸಂಘಗಳು ಈಗಾಗಲೇ ಊರೂರಿನಲ್ಲಿವೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 2005ರಿಂದ ಮೂರು ವರ್ಷ ಏಕಜುಟ್ ಎಂಬ ಸಂಸ್ಥೆ ಇಂಥ ಹಳ್ಳಿಯ ಹೆಂಗಸರ ಗುಂಪುಗಳಲ್ಲಿ ತಿಂಗಳಿಗೊಮ್ಮೆ ಬಾಣಂತಿ ಮತ್ತು ಹಸುಗೂಸಿನ ಆರೋಗ್ಯದ ಮಾತು ನಡೆಸಿತು. ನಡೆಸಿದವರು ಡಾಕ್ಟರರಲ್ಲ, ಅದೇ ಸೀಮೆಯ ಹೆಂಗಸರು. ಹುಟ್ಟಿದ ತಿಂಗಳೊಳಗೆ ಸಾಯುವ ಕೂಸುಗಳ ಪ್ರಮಾಣ ಗುಂಪುಗಳಿದ್ದ ಹಳ್ಳಿಗಳಲ್ಲಿ ಇತರ ಹಳ್ಳಿಗಳಿಗಿಂತ ನೂರಕ್ಕೆ 32ರಷ್ಟು ಕಡಿಮೆಯಾಯಿತೆಂದು 2010ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಹೆಚ್ಚು ಕುಳಿತರೆ ಆಗುವ ಕೆಲಸ ಇದು. ಹಾಸಿಗೆ ಹಿಡಿದ ಅತ್ತೆಯನ್ನೋ ನೆನಪು ತಪ್ಪಿದ ಮಾವನನ್ನೋ ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಯಂದಿರಿಗೆ ಆ ಅರ್ಧ ಗಂಟೆ ಎಷ್ಟು ಬೇಕಾಗಿದೆ ಎಂಬುದು ಗಂಡಸರಾದ ನಮಗೆ ಬೇಗ ತಿಳಿಯುವುದಿಲ್ಲ.

ಕೂಟದಲ್ಲಿ ಕೇಳಿದ್ದು ಹೊರಗೆ ಹೋಗಬಾರದು ಎಂಬ ನಿಯಮಕ್ಕೆ ಒಂದೇ ವಿನಾಯಿತಿ. ಬದುಕೇ ಬೇಡವೆಂದು ಯಾರಾದರೂ ಹೇಳಿದರೆ, ಅಥವಾ ಹೇಳದೆಯೂ ಹಾಗೆ ತೋರಿದರೆ, ಅದನ್ನು ಗುಟ್ಟಾಗಿ ಇಡಬಾರದು. ಮನೆಯವರಿಗೆ ತಿಳಿಸಬೇಕು, ಒಂಟಿಯಾಗಿ ಬಿಡಬಾರದು, ತೋಟದ ಔಷಧಿಗಳ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಬೇರೆಯವರಲ್ಲಿ ಇಡಬೇಕು, ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲಿಯೇ ಮಾತಾಡುತ್ತಾರೆ.

ಸಂಘದ ಕಟ್ಟಡದ ಮಾಳಿಗೆಯ ಸಭಾಕೊಠಡಿ ಆಡಳಿತ ಮಂಡಳಿಯ ಸಭೆಯ ದಿನ ಬಿಟ್ಟರೆ ಖಾಲಿಯೇ ಇರುತ್ತದೆ. ತಿಂಗಳ ಎರಡನೆಯ ಸಂತೆಯ ದಿನ ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಅದನ್ನು ಸಕ್ಕರೆ ಕಾಯಿಲೆಯ ಸದಸ್ಯರಿಗೂ ಅವರ ಮನೆಯವರಿಗೂ ಬಿಟ್ಟುಕೊಡಲು ಮಂಡಳಿ ಒಪ್ಪಿದೆ. ಸಂತೆಗೆ ಹೇಗೂ ಬರುವವರಿಗೆ ಬೇರೆ ಬಸ್ ಚಾರ್ಜಿನ ಖರ್ಚಿಲ್ಲ. ಹಾಜರಿ ಪುಸ್ತಕ ಇಡುವುದಿಲ್ಲ, ನಡಾವಳಿ ಬರೆಯುವುದಿಲ್ಲ, ಭಾಷಣಕ್ಕೆ ಯಾರನ್ನೂ ಕರೆಸುವುದಿಲ್ಲ. ಸಂಘದ ಸಾಲಕ್ಕೂ ಇದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಸಿಬ್ಬಂದಿ ಮಾಳಿಗೆಗೆ ಬರುವುದಿಲ್ಲ. ಸಕ್ಕರೆ ಹಾಕದ ಕಾಫಿ ಮಾತ್ರ ಇರುತ್ತದೆ. ಮೂರು ತಿಂಗಳು ನಡೆದ ಮೇಲೆ, ಬಂದವರು ಬಯಸಿದರೆ, ದೂರದ ತೋಟದವರನ್ನು ಇಬ್ಬಿಬ್ಬರಾಗಿ ಫೋನಿನ ಜೋಡಿ ಮಾಡಬಹುದು. ಕುಡಿತದ ಬಗೆಗಿನ ಕೂಟಕ್ಕೆ ಬೇರೆ ದಿನ ಬೇಕೆಂದು ಕೇಳಿದರೆ ಅದಕ್ಕೂ ಕೊಠಡಿ ಉಂಟು; ಕೇಳಲು ಹೆಸರಿಲ್ಲದ ಚೀಟಿಯನ್ನು ಸಲಹಾ ಪೆಟ್ಟಿಗೆಯಲ್ಲಿ ಹಾಕಿದರೂ ಸಾಕು. ಮಾಳಿಗೆಗೆ ಹೋಗಲು ಗೊಬ್ಬರದ ಗೋದಾಮಿನ ಹಿಂದಿನಿಂದಲೂ ಮೆಟ್ಟಿಲಿದೆ. ಕಚೇರಿಯ ಕೌಂಟರು ದಾಟದೆ, ಯಾರ ಕಣ್ಣಿಗೂ ಬೀಳದೆ ಬರಬಹುದು.